ಟ್ರೊಮ್ಸೊದಲ್ಲಿ ಬಾಡಿಗೆ ಮನೆ: ದ್ವೀಪದ ಮೇಲೋ, ಸೇತುವೆಯ ಆಚೆಯೋ?

ಉತ್ತರ ನಾರ್ವೆಯ ಟ್ರೊಮ್ಸೊ ನಗರಕ್ಕೆ ಓದಲು ಅಥವಾ ಸಂಶೋಧನೆಗೆ ಬರುವವರಲ್ಲಿ ಹೆಚ್ಚಿನವರು ಆಗಸ್ಟ್ ತಿಂಗಳಲ್ಲಿ ಬಂದಿಳಿಯುತ್ತಾರೆ, ಏಕೆಂದರೆ ಅಲ್ಲಿನ ವಿಶ್ವವಿದ್ಯಾಲಯದ ವರ್ಷ ಆಗ ಆರಂಭವಾಗುತ್ತದೆ. ಆ ತಿಂಗಳಲ್ಲಿ ರಾತ್ರಿ ಊಟದ ಹೊತ್ತಿಗೂ ಬೆಳಕಿರುತ್ತದೆ, ಗಾಳಿಯಿಲ್ಲದ ದಿನ ಕಡಲಿನ ನೀರು ಕೆರೆಯಂತೆ ನಿಂತಿರುತ್ತದೆ, ಬೆಟ್ಟಗಳ ನೆತ್ತಿಯಲ್ಲಿ ಹಳೆಯ ಹಿಮ ಅಲ್ಲಲ್ಲಿ ತೇಪೆಯಂತೆ ಉಳಿದಿರುತ್ತದೆ. ಮನೆ ನೋಡಲು ಹೋದವರು ಕಿಟಕಿಯ ಬಳಿ ನಿಂತು, ಹೊರಗಿನ ನೋಟಕ್ಕೆ ಮನಸೋತು, ಕರಾರಿಗೆ ಸಹಿ ಹಾಕಿಬಿಡುತ್ತಾರೆ. ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ. ನಾಲ್ಕು ಚಳಿಗಾಲಗಳನ್ನು ಮೂರು ಬೇರೆ ಬೇರೆ ಮನೆಗಳಲ್ಲಿ ಕಳೆದ ಮೇಲೆ, ಈ ಊರಿಗೆ ಬರುವ ಕನ್ನಡಿಗರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಮನೆಯನ್ನು ನೋಡುವುದು ಆಗಸ್ಟ್‌ನಲ್ಲಾದರೂ, ಅದನ್ನು ತೂಗಿ ನೋಡುವಾಗ ಜನವರಿಯ ಬೆಳಗಿನ ಎಂಟು ಗಂಟೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಬಾಡಿಗೆ, ನೋಟ, ಕೋಣೆಗಳ ಅಳತೆ ಇವೆಲ್ಲ ಆಮೇಲಿನ ಲೆಕ್ಕ.

ಕತ್ತಲೆ, ಹಿಮ ಮತ್ತು ಜಾರು ದಾರಿ

ಟ್ರೊಮ್ಸೊ ಆರ್ಕ್‌ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಸುತ್ತಲೂ ಬೆಟ್ಟಗಳಿರುವುದರಿಂದ ಊರಿನವರ ಕಣ್ಣಿಗೆ ಅವನು ಮತ್ತೆ ಬೀಳುವುದು ಇನ್ನೂ ಕೆಲವು ದಿನ ತಡವಾಗಿ, ಜನವರಿ 21ರ ಸುಮಾರಿಗೆ. ಆ ದಿನವನ್ನು ಸೂರ್ಯನ ದಿನವೆಂದು ಕರೆದು, ಜಾಮ್ ತುಂಬಿದ ಸಿಹಿ ಬನ್ನುಗಳನ್ನು ಕೊಂಡು ತಿನ್ನುವ ರೂಢಿ ಇಲ್ಲಿದೆ. ಆ ಎರಡು ತಿಂಗಳು ಪೂರ್ತಿ ಕಗ್ಗತ್ತಲೆ ಎಂದು ಭಾವಿಸಬಾರದು. ಮಧ್ಯಾಹ್ನದ ಹೊತ್ತಿಗೆ ಕೆಲವು ಗಂಟೆಗಳ ಕಾಲ ಆಕಾಶ ನೀಲಿಯಾಗಿ, ದಕ್ಷಿಣದ ಅಂಚು ಕೆಂಪಾಗಿ, ಹಿಮವೇ ಬೆಳಗುತ್ತಿರುವಂತೆ ಕಾಣುತ್ತದೆ. ಆದರೆ ಬೆಳಗ್ಗೆ ಮನೆ ಬಿಡುವುದೂ ಸಂಜೆ ಮನೆ ಸೇರುವುದೂ ಕತ್ತಲಲ್ಲೇ.

ಚಳಿಯ ವಿಷಯದಲ್ಲಿ ಭಾರತದಲ್ಲಿರುವವರು ಪಡುವಷ್ಟು ಭಯ ಬೇಕಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಈ ಕರಾವಳಿಯನ್ನು ತಟ್ಟುವುದರಿಂದ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ತೊಂದರೆ ಹುಟ್ಟುವುದು ಅಲ್ಲಿಯೇ. ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುವುದರಿಂದ ಇಂದು ಬಿದ್ದ ಹಿಮ ನಾಳೆ ಮಳೆಗೆ ಕರಗಿ, ನಾಡಿದ್ದು ಗಾಜಿನಂತೆ ಹೆಪ್ಪುಗಟ್ಟುತ್ತದೆ. ನನ್ನ ಮೊದಲ ಮನೆ ನಗರದ ನಡುಭಾಗದಿಂದ ಮೇಲಕ್ಕೆ ಏರುವ ಕಡಿದಾದ ಓಣಿಯಲ್ಲಿತ್ತು. ಭೂಪಟದಲ್ಲಿ ನೋಡಿದರೆ ಬಸ್ ನಿಲ್ದಾಣಕ್ಕೆ ಐದು ನಿಮಿಷದ ಹಾದಿ. ಜನವರಿಯ ಒಂದು ಬೆಳಗ್ಗೆ, ಹಿಂದಿನ ರಾತ್ರಿಯ ಮಳೆ ಹೆಪ್ಪುಗಟ್ಟಿದ ಮೇಲೆ, ಅದೇ ಐದು ನಿಮಿಷದ ಹಾದಿಯನ್ನು ಬೇಲಿಯಿಂದ ಬೇಲಿಗೆ ಕೈ ಬದಲಿಸುತ್ತ ಇಳಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು; ಎರಡು ಬಸ್ಸುಗಳು ಕೆಳಗೆ ಬಂದು ಹೋದದ್ದು ಅಲ್ಲಿಂದಲೇ ಕಾಣುತ್ತಿತ್ತು. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮೊಳೆಪಟ್ಟಿಯನ್ನು ಇಲ್ಲಿ ಬ್ರೊಡ್ಡರ್ ಎನ್ನುತ್ತಾರೆ. ಅದನ್ನು ಕೊಂಡದ್ದು ಅಂದೇ ಸಂಜೆ. ಊರಿನ ವಯಸ್ಸಾದವರು ನವೆಂಬರ್‌ನಲ್ಲೇ ಅದನ್ನು ಬಾಗಿಲ ಬಳಿ ತೂಗುಹಾಕಿರುತ್ತಾರೆ.

ಹಿಮದ ಪ್ರಮಾಣವೂ ಕಡಿಮೆಯಲ್ಲ. 1997ರ ಏಪ್ರಿಲ್ 29ರಂದು ನೆಲದ ಮೇಲೆ 240 ಸೆಂ.ಮೀ. ಹಿಮ ಅಳೆದದ್ದು ಇಲ್ಲಿನ ದಾಖಲೆ. ಮೇ ತಿಂಗಳ ಹೊಸ್ತಿಲಲ್ಲಿಯೂ ಆಳೆತ್ತರ ಮೀರಿ ಹಿಮ ನಿಂತ ಊರಿದು ಎಂಬುದನ್ನು ನೆನಪಿಟ್ಟುಕೊಂಡರೆ, ಮೆಟ್ಟಿಲಿನ ಹಿಮ ಎತ್ತುವವರು ಯಾರು ಎಂಬ ಪ್ರಶ್ನೆ ಕ್ಷುಲ್ಲಕವೆನಿಸುವುದಿಲ್ಲ.

ಯಾವ ದಿಕ್ಕಿಗೆ ಹೋಗಬೇಕು?

ನಗರದ ನಡುಭಾಗ ಟ್ರೊಮ್ಸೋಯಾ ಎಂಬ ಉದ್ದನೆಯ ದ್ವೀಪದ ಪೂರ್ವದಂಡೆಯಲ್ಲಿದೆ. ಪೂರ್ವದ ಕಡಲಿನ ತೋಳನ್ನು ದಾಟಿದರೆ ಮುಖ್ಯಭೂಮಿಯ ಟ್ರೊಮ್ಸ್‌ಡಾಲೆನ್; ಪಶ್ಚಿಮದ ಜಲಸಂಧಿ ದಾಟಿದರೆ ಕ್ವಾಲೋಯಾ ಎಂಬ ದೊಡ್ಡ ದ್ವೀಪ. ಪೂರ್ವಕ್ಕೆ 1960ರಲ್ಲಿ ತೆರೆದ ಸೇತುವೆ ಮತ್ತು 1994ರಲ್ಲಿ ತೆರೆದ, ಕಡಲಿನಡಿಯ ಸುರಂಗ ಇವೆ; ಪಶ್ಚಿಮಕ್ಕೆ 1974ರ ಸೇತುವೆಯೊಂದೇ ದಾರಿ. ದ್ವೀಪದ ಒಡಲಲ್ಲಿ ಬಂಡೆ ಕೊರೆದು ಮಾಡಿದ ರಸ್ತೆ ಸುರಂಗಗಳಿದ್ದು, ಅವುಗಳೊಳಗೆ ವೃತ್ತಗಳೂ ಇವೆ. ಕಾರಿದ್ದವರಿಗೆ ಇದು ದೊಡ್ಡ ಅನುಕೂಲ. ನಡೆದೇ ಓಡಾಡುವವರಿಗೆ ದ್ವೀಪದ ಇಳಿಜಾರು ಇಳಿಜಾರಾಗಿಯೇ ಉಳಿಯುತ್ತದೆ.

ನಡುಭಾಗದಲ್ಲಿ ಮನೆ ಸಿಕ್ಕರೆ ಅಂಗಡಿ, ಗ್ರಂಥಾಲಯ, ಬಂದರು ಎಲ್ಲವೂ ಕಾಲಳತೆಯಲ್ಲಿರುತ್ತವೆ, ಎಲ್ಲ ದಿಕ್ಕಿನ ಬಸ್ಸುಗಳೂ ಸಿಗುತ್ತವೆ. ಆದರೆ ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕನ್ನು (ಅರೋರಾ) ನೋಡಲು ಚಳಿಗಾಲದಲ್ಲಿ ಪ್ರವಾಸಿಗರು ದಂಡಾಗಿ ಬರುವುದರಿಂದ ಇಲ್ಲಿನ ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಹೆಚ್ಚು. ದೀರ್ಘಕಾಲಕ್ಕೆ ಸಿಗುವ ಮನೆಗಳು ವಿರಳ, ಬಾಡಿಗೆಯೂ ಊರಿಗೆಲ್ಲ ಹೆಚ್ಚಿನದು. ಪಕ್ಕದ ಮನೆಯಲ್ಲಿ ವಾರಕ್ಕೆರಡು ಬಾರಿ ಹೊಸ ಮುಖಗಳು, ಮಧ್ಯರಾತ್ರಿ ಮೆಟ್ಟಿಲ ಮೇಲೆ ಎಳೆಯುವ ಸೂಟ್‌ಕೇಸಿನ ಸದ್ದು, ಇವನ್ನು ಸಹಿಸಲಾರದವರು ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ಮೊದಲೇ ವಿಚಾರಿಸಬೇಕು. ನಡುಭಾಗವೆಂದು ಜಾಹೀರಾತಿನಲ್ಲಿ ಬರೆದ ಎಷ್ಟೋ ಮನೆಗಳು ಅದರ ಮೇಲಿನ ಏರಿನಲ್ಲಿರುತ್ತವೆ ಎಂಬುದನ್ನೂ ಗಮನಿಸಬೇಕು. ಭೂಪಟದಲ್ಲಿ ದೂರವಷ್ಟೇ ಕಾಣುತ್ತದೆ, ಏರು ಕಾಣುವುದಿಲ್ಲ.

ವಿಶ್ವವಿದ್ಯಾಲಯ ಮತ್ತು ಉತ್ತರ ನಾರ್ವೆಯ ದೊಡ್ಡ ಆಸ್ಪತ್ರೆ ಎರಡೂ ದ್ವೀಪದ ಈಶಾನ್ಯದ ಬ್ರೈವಿಕಾದಲ್ಲಿ ಅಕ್ಕಪಕ್ಕದಲ್ಲಿವೆ. ಕೆಲಸವೋ ಓದೋ ಅಲ್ಲಿಯೇ ಇದ್ದರೆ, ಬ್ರೈವಿಕಾ ಮತ್ತು ಅದರ ಆಚೆಯ ಸ್ಟಾಕ್ಕೆವೊಲ್ಲನ್ ನನ್ನ ಮೊದಲ ಆಯ್ಕೆ, ಅದರಲ್ಲೂ ಒಬ್ಬರೇ ಬರುವ ವಿದ್ಯಾರ್ಥಿಗಳಿಗೆ. ನಡಿಗೆಯ ದೂರದಲ್ಲಿ ಕೆಲಸವಿದ್ದರೆ ಬಿರುಗಾಳಿಯ ದಿನ ಬಸ್ಸಿಗಾಗಿ ನಿಲ್ಲುವ ಕಷ್ಟವೇ ತಪ್ಪುತ್ತದೆ. ಸಂಜೆ ಹೊತ್ತು ಆ ಭಾಗ ನಿಶ್ಶಬ್ದವಾಗಿರುತ್ತದೆ. ನಾಲ್ಕು ಜನರ ನಡುವೆ ಇರಬೇಕೆನ್ನುವವರಿಗೆ ಅದೊಂದು ಕೊರತೆ. ಕತ್ತಲ ತಿಂಗಳುಗಳಲ್ಲಿ ಒಂಟಿತನ ನಿಜವಾದ ಸಮಸ್ಯೆಯಾಗಿರುವುದರಿಂದ ಅದನ್ನು ಹಗುರವಾಗಿ ಕಾಣಬಾರದು.

ದ್ವೀಪದ ಬೆನ್ನಿನ ಮೇಲೆ ಪ್ರೆಸ್ಟ್‌ವಾನ್ನೆ ಎಂಬ ಪುಟ್ಟ ಕೆರೆಯಿದೆ. ಬೇಸಿಗೆಯಲ್ಲಿ ನೀರಹಕ್ಕಿಗಳು ಮರಿಮಾಡುವ, ಮಕ್ಕಳು ಓಡಾಡುವ ಜಾಗ ಅದು. ದ್ವೀಪದ ಉದ್ದಕ್ಕೂ ಹಾದುಹೋಗುವ, ಚಳಿಗಾಲವಿಡೀ ದೀಪ ಉರಿಯುವ ಸ್ಕೀ ಹಾದಿ ಅದರ ಸಮೀಪದಲ್ಲೇ ಇದೆ. ನನ್ನ ಎರಡನೆಯ ಮನೆ ಆ ಭಾಗದಲ್ಲಿತ್ತು. ಡಿಸೆಂಬರ್‌ನ ಸಂಜೆ ಕೆಲಸ ಮುಗಿಸಿ ಬಂದು, ಬಾಗಿಲ ಬಳಿಯೇ ಸ್ಕೀ ಕಟ್ಟಿಕೊಂಡು, ದೀಪಗಳ ಸಾಲಿನಡಿ ಅರ್ಧ ಗಂಟೆ ಹೋಗಿಬರುವುದು ಆ ತಿಂಗಳುಗಳಲ್ಲಿ ನನ್ನ ಮನಸ್ಸನ್ನು ಸ್ಥಿಮಿತದಲ್ಲಿಟ್ಟಿತು. ಸ್ಕೀ ಬಾರದವರು ನಡೆಯಬಹುದು, ಆದರೆ ಸ್ಕೀಗಾಗಿ ಎಳೆದಿರುವ ಜೋಡಿಗೆರೆಗಳ ಮೇಲೆ ಕಾಲಿಡಬಾರದು. ಇಲ್ಲಿನವರು ಬೇಸರಪಟ್ಟುಕೊಳ್ಳುವ ಕೆಲವೇ ವಿಷಯಗಳಲ್ಲಿ ಅದೂ ಒಂದು.

ದ್ವೀಪದ ಪಶ್ಚಿಮದಂಡೆಯ ಲಾಂಗ್‌ನೆಸ್, ಹಾಮ್ನಾ ಕಡೆಗಳಲ್ಲಿ ಸಂಜೆಯ ಬಿಸಿಲು ಹೆಚ್ಚು ಹೊತ್ತು ನಿಲ್ಲುತ್ತದೆ. ವಿಮಾನ ನಿಲ್ದಾಣ ಮತ್ತು ದೊಡ್ಡ ಮಾರಾಟ ಮಳಿಗೆಗಳು ಅದೇ ದಂಡೆಯಲ್ಲಿರುವುದರಿಂದ ಸಾಮಾನು ತರುವುದು ಸುಲಭ. ವಿಮಾನದ ಸದ್ದು ಎಷ್ಟು ಕೇಳುತ್ತದೆಂಬುದನ್ನು ಮಾತ್ರ ಮನೆಯೊಳಗೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಬೇಕು.

ಟ್ರೊಮ್ಸ್‌ಡಾಲೆನ್ ನೋಟದ ದೃಷ್ಟಿಯಿಂದ ಎಲ್ಲಕ್ಕಿಂತ ಸೊಗಸಾದದ್ದು. 1965ರಲ್ಲಿ ಕಟ್ಟಿದ, ಬಿಳಿಯ ತ್ರಿಕೋನಾಕಾರದ ಚರ್ಚು ಇಲ್ಲಿಯೇ ಇದೆ. 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್‌ಗೆ ಹೋಗುವ ಕೇಬಲ್ ಕಾರೂ ಇಲ್ಲಿಂದಲೇ ಹೊರಡುತ್ತದೆ. ಅದೇ ಬೆಟ್ಟಕ್ಕೆ ನೇಪಾಳದ ಶೆರ್ಪಾಗಳು ಕಲ್ಲು ಹೊಂದಿಸಿ ಕಟ್ಟಿದ ಸುಮಾರು 1200 ಮೆಟ್ಟಿಲುಗಳಿವೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಬೆಳೆದವರಿಗೆ ಅಲ್ಲಿ ಮೊಣಕಾಲು ತನ್ನಿಂದ ತಾನೇ ಹಳೆಯದನ್ನು ನೆನಪಿಸಿಕೊಳ್ಳುತ್ತದೆ. ಬೆಟ್ಟ ಪೂರ್ವಕ್ಕಿರುವುದರಿಂದ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಪಶ್ಚಿಮಕ್ಕೆ ತೆರೆದ ಮನೆಗಳಿಗೆ ಸಂಜೆ ಬೆಳಕು ಧಾರಾಳ. ಇಲ್ಲಿ ಮನೆ ಮಾಡುವ ಮುನ್ನ ತೀರ್ಮಾನಿಸಬೇಕಾದದ್ದು ಸೇತುವೆಯ ವಿಷಯ. ಒಂದು ಕಿಲೋಮೀಟರಿಗಿಂತ ತುಸು ಉದ್ದದ ಆ ಸೇತುವೆ ನಡುವೆ ಎತ್ತರಕ್ಕೆ ಏರುತ್ತದೆ, ಅಲ್ಲಿ ಗಾಳಿಗೆ ಯಾವ ಅಡ್ಡಿಯೂ ಇಲ್ಲ. ಬೇಸಿಗೆಯಲ್ಲಿ ದಿನವೂ ನಡೆದೇ ದಾಟುತ್ತೇನೆಂದು ಲೆಕ್ಕಹಾಕಿ ಬಸ್ ಪಾಸಿನ ಹಣ ಉಳಿಸಹೊರಟವರು ನವೆಂಬರ್‌ನಲ್ಲಿ ಆ ಲೆಕ್ಕವನ್ನು ಬದಲಿಸುತ್ತಾರೆ. ಬಸ್ಸಿನ ಖರ್ಚನ್ನು ಮೊದಲೇ ಬಾಡಿಗೆಗೆ ಸೇರಿಸಿ ಹೋಲಿಸುವುದು ಸರಿ.

ಕ್ವಾಲೋಯಾದಲ್ಲಿ ಅಂಗಳವಿರುವ, ದೊಡ್ಡ ಮನೆಗಳು ಟ್ರೊಮ್ಸೋಯಾಕ್ಕಿಂತ ಸುಲಭವಾಗಿ ಸಿಗುತ್ತವೆ. ಚಿಕ್ಕ ಮಕ್ಕಳಿರುವ, ಕಾರು ಇರುವ ಕುಟುಂಬಕ್ಕೆ ಅದು ನಿಜಕ್ಕೂ ಒಳ್ಳೆಯ ಜಾಗ. ಕಾರಿಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಕಾರಿಟ್ಟುಕೊಳ್ಳುವವರು ಚಳಿಗಾಲದ ನಾಲ್ಕು ಟೈರುಗಳನ್ನು ಬೇರೆಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಮೊಳೆ ಟೈರುಗಳಿಗೆ ಉತ್ತರದ ಜಿಲ್ಲೆಗಳಲ್ಲಿ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಅನುಮತಿಯಿದೆ. ಬಿಡಿ ಟೈರುಗಳನ್ನು ಇಡಲು ಮನೆಯಲ್ಲಿ ಜಾಗವಿದೆಯೇ ಎಂಬುದೂ ಬಾಡಿಗೆಯ ಮಾತುಕತೆಯಲ್ಲಿ ಸೇರಬೇಕಾದ ವಿಷಯ.

ಕೋಣೆಯೋ, ಸೊಕ್ಕೆಲೋ, ಪೂರ್ಣ ಮನೆಯೋ?

ವಿದ್ಯಾರ್ಥಿಗಳಿಗೆ ಮೊದಲ ವರ್ಷ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ವಸತಿಗೃಹವೇ ಉತ್ತಮ. ಕರಾರು ಸ್ಪಷ್ಟವಾಗಿರುತ್ತದೆ, ಮೋಸದ ಭಯವಿಲ್ಲ, ನಾರ್ವೆಯ ಭಾಷೆ ಬಾರದಿದ್ದರೂ ಕೆಲಸ ನಡೆಯುತ್ತದೆ. ಪ್ರವೇಶ ಖಚಿತವಾದ ದಿನವೇ ಅರ್ಜಿ ಹಾಕಬೇಕು. ಖಾಸಗಿಯಾಗಿ ಹುಡುಕುವವರು ಹೆಚ್ಚಾಗಿ ಫಿನ್ ಎಂಬ ಜಾಲತಾಣವನ್ನು ನೋಡುತ್ತಾರೆ. ಅಲ್ಲಿ ಹೀಬೆಲ್ ಎಂದರೆ ಒಂಟಿ ಕೋಣೆ ಅಥವಾ ತೀರ ಚಿಕ್ಕ ಮನೆ. ಕೊಲೆಕ್ಟಿವ್ ಎಂದರೆ ಮೂರು ನಾಲ್ಕು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಇರುವ ಮನೆ. ಸೊಕ್ಕೆಲ್ ಎಂದರೆ ಇಳಿಜಾರಿನಲ್ಲಿ ಕಟ್ಟಿದ ಮನೆಯ ಕೆಳ ಅಂತಸ್ತು, ಒಂದು ಪಕ್ಕ ಮಣ್ಣಿನೊಳಗಿದ್ದು ಇನ್ನೊಂದು ಪಕ್ಕ ಅಂಗಳಕ್ಕೆ ತೆರೆದಿರುವುದು. ಮಾಲೀಕರ ಕುಟುಂಬ ಸಾಮಾನ್ಯವಾಗಿ ಮೇಲೆಯೇ ವಾಸವಿರುತ್ತದೆ.

ಕತ್ತಲ ತಿಂಗಳುಗಳನ್ನು ನೆನೆದರೆ ಒಂಟಿಯಾಗಿ ಬಂದವರಿಗೆ ಕೊಲೆಕ್ಟಿವ್ ಒಳ್ಳೆಯದು. ಸಂಜೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುವುದೇ ಒಂದು ಆಸರೆ. ಆದರೆ ನಮ್ಮ ಅಡುಗೆಯ ವಿಷಯವನ್ನು ಸೇರುವ ಮುನ್ನವೇ ಮಾತಾಡಿಕೊಳ್ಳಬೇಕು. ಚಳಿಗಾಲದಲ್ಲಿ ಕಿಟಕಿಗಳು ಮುಚ್ಚಿರುವ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹೋಗಲು ದಾರಿಯಿರುವುದಿಲ್ಲ. ಒಲೆಯ ಮೇಲಿನ ಹೊಗೆ ಹೀರುವ ಫ್ಯಾನು ಗಾಳಿಯನ್ನು ನಿಜವಾಗಿ ಹೊರಗೆ ಕಳುಹಿಸುತ್ತದೆಯೋ, ಜಾಲರಿಯಲ್ಲಿ ಸೋಸಿ ಅದೇ ಕೋಣೆಗೆ ಮರಳಿ ಬಿಡುತ್ತದೆಯೋ ನೋಡಬೇಕು. ನನ್ನ ಮೊದಲ ಮನೆಯದು ಎರಡನೆಯ ಬಗೆಯದು. ಮೊದಲ ಭಾನುವಾರ ತಿಳಿಸಾರಿಗೆ ಒಗ್ಗರಣೆ ಹಾಕಿದ ಕೂಡಲೇ ಹೊಗೆಯ ಎಚ್ಚರಿಕೆ ಗಂಟೆ ಕೂಗತೊಡಗಿತು, ಮೇಲಿನಿಂದ ಮನೆಯೊಡತಿ ಗಾಬರಿಯಿಂದ ಇಳಿದುಬಂದರು. ಅವರಿಗೆ ಸಾರು ರುಚಿ ತೋರಿಸಿದ ಮೇಲೆ, ಒಗ್ಗರಣೆ ಹಾಕುವಾಗ ಹಿತ್ತಲ ಬಾಗಿಲು ತೆರೆದಿಡುವುದೆಂದು ಇಬ್ಬರೂ ಒಪ್ಪಿಕೊಂಡೆವು. ಮೈನಸ್ ಆರು ಡಿಗ್ರಿಯಲ್ಲೂ ಹಾಗೆಯೇ ಮಾಡಿದ್ದುಂಟು.

ಸೊಕ್ಕೆಲ್ ನೋಡುವಾಗ ಎರಡು ಸಂಗತಿಗಳನ್ನು ಬಿಡಬಾರದು. ಮಣ್ಣಿಗೆ ತಾಗಿದ ಗೋಡೆಯ ಕೆಳಭಾಗವನ್ನು, ಬೀರುವಿನ ಹಿಂದಿನ ಗೋಡೆಯನ್ನೂ ಸೇರಿಸಿ, ಅಂಗೈಯಿಂದ ಮುಟ್ಟಿ ನೋಡಬೇಕು. ತೇವವೂ ಬೂಷ್ಟಿನ ವಾಸನೆಯೂ ಇದ್ದರೆ ಬಾಡಿಗೆ ಎಷ್ಟೇ ಕಡಿಮೆಯಾದರೂ ಬೇಡ. ಮಲಗುವ ಕೋಣೆಯ ಕಿಟಕಿ, ಬೆಂಕಿ ಬಿದ್ದಾಗ ಅದರಿಂದ ಒಬ್ಬರು ಹೊರಬರುವಷ್ಟು ದೊಡ್ಡದಿರಬೇಕು, ಮತ್ತು ಹಿಮ ಬಿದ್ದಾಗಲೂ ಅದು ತೆರೆಯುವಂತಿರಬೇಕು. ಆ ಕೋಣೆ ವಾಸಕ್ಕೆ ಅನುಮತಿ ಪಡೆದದ್ದೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಳಮನೆಯವರೇ ಮೆಟ್ಟಿಲಿನ ಹಿಮ ಎತ್ತಬೇಕೆಂಬ ಷರತ್ತನ್ನು ಮಾಲೀಕರು ಹಾಕುವುದುಂಟು. ಒಪ್ಪುವುದಾದರೆ ಎಷ್ಟು ಭಾಗ, ಯಾವ ಹೊತ್ತಿಗೆ ಎಂಬುದು ಬರಹದಲ್ಲಿರಲಿ.

ವಿದ್ಯುತ್ತಿನ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ಮನೆ ಬೆಚ್ಚಗಿಡುವುದು ಇಲ್ಲಿ ಬಹುತೇಕ ವಿದ್ಯುತ್ತಿನಿಂದಲೇ. ಉತ್ತರ ನಾರ್ವೆಯಲ್ಲಿ ಅದರ ದರ ದಕ್ಷಿಣಕ್ಕಿಂತ ಸಾಮಾನ್ಯವಾಗಿ ಕಡಿಮೆ, ಮನೆಬಳಕೆಯ ವಿದ್ಯುತ್ತಿಗೆ ಇಲ್ಲಿ ಮೌಲ್ಯವರ್ಧಿತ ತೆರಿಗೆಯೂ ಇಲ್ಲ. ಹಾಗಿದ್ದರೂ ಗೋಡೆಗೆ ತೂಗುಹಾಕಿದ ಹಳೆಯ ಹೀಟರುಗಳಷ್ಟೇ ಇರುವ ಮನೆಗೂ ಹೊರಗಿನ ಗಾಳಿಯ ಶಾಖವನ್ನು ಸೆಳೆದು ಒಳಗೆ ಬಿಡುವ ಹೀಟ್ ಪಂಪ್ ಇರುವ ಮನೆಗೂ ಚಳಿಗಾಲದ ಬಿಲ್ಲಿನಲ್ಲಿ ಗಣನೀಯ ವ್ಯತ್ಯಾಸವಿರುತ್ತದೆ. ಬಾಡಿಗೆಯಲ್ಲಿ ವಿದ್ಯುತ್ ಸೇರಿರುವ ಮನೆಯನ್ನೂ ಸೇರದಿರುವ ಮನೆಯನ್ನೂ ಬರಿಯ ಬಾಡಿಗೆಯ ಅಂಕಿ ನೋಡಿ ಹೋಲಿಸಬಾರದು. ಹಿಂದಿನ ಜನವರಿಯ ಬಿಲ್ಲನ್ನು ತೋರಿಸುವಂತೆ ಕೇಳಿದರೆ ಪ್ರಾಮಾಣಿಕ ಮಾಲೀಕರು ತೋರಿಸುತ್ತಾರೆ.

ಬೇಸಿಗೆಗೂ ಒಂದು ಮಾತು ಸಲ್ಲಬೇಕು. ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದಿಲ್ಲ. ಉತ್ತರಕ್ಕೆ ತೆರೆದ ಮಲಗುವ ಕೋಣೆಗೆ ಮಧ್ಯರಾತ್ರಿಯ ಬಿಸಿಲು ನೇರವಾಗಿ ಬೀಳುತ್ತದೆ. ಬೆಳಕು ತಡೆಯುವ ದಪ್ಪ ಪರದೆ ಮನೆಯಲ್ಲಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಅದರ ಖರ್ಚು ನಿಮ್ಮದು.

ಹಣ ಮತ್ತು ಕಾಗದ

ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದರೆ ಮಾಲೀಕರ ಕೈಗೆ ಹೋಗುವ ಹಣ. ನಾರ್ವೆಯಲ್ಲಿ ಹಾಗಿಲ್ಲ. 1999ರ ಬಾಡಿಗೆ ಕಾಯ್ದೆಯ ಪ್ರಕಾರ ಠೇವಣಿ ಆರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ರೂಢಿಯಲ್ಲಿ ಮೂರು ತಿಂಗಳದ್ದು ಕೇಳುತ್ತಾರೆ. ಬಾಡಿಗೆದಾರರ ಹೆಸರಿನಲ್ಲಿ ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಆ ಹಣ ಇರಬೇಕು, ಒಬ್ಬರೇ ಅದನ್ನು ತೆಗೆಯುವಂತಿಲ್ಲ, ಬಡ್ಡಿ ಬಾಡಿಗೆದಾರರದು. ಠೇವಣಿಯನ್ನು ತಮ್ಮ ಸ್ವಂತ ಖಾತೆಗೆ ಹಾಕಿ ಎನ್ನುವವರು ಎಷ್ಟೇ ಸಭ್ಯರಾಗಿ ಮಾತಾಡಿದರೂ ಅದು ಕಾನೂನಿಗೆ ವಿರುದ್ಧ. ಮನೆಯನ್ನು ಕಣ್ಣಾರೆ ನೋಡುವ ಮೊದಲೇ ಹಣ ಕೇಳುವವರೊಂದಿಗೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ. ತಿಂಗಳ ಬಾಡಿಗೆ 10,000 ಕ್ರೋನರ್ ಎಂದುಕೊಂಡರೆ, ಮೂರು ತಿಂಗಳ ಠೇವಣಿಯೂ ಮೊದಲ ತಿಂಗಳ ಬಾಡಿಗೆಯೂ ಸೇರಿ ಒಮ್ಮೆಗೇ 40,000 ಕ್ರೋನರ್ ಬೇಕಾಗುತ್ತದೆ. ಊರಿನಿಂದ ಹೊರಡುವ ಮುನ್ನವೇ ಈ ಲೆಕ್ಕ ಮಾಡಿಕೊಳ್ಳದೆ ಬಂದವರು ಮೊದಲ ತಿಂಗಳಲ್ಲಿ ಪರದಾಡುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಕರಾರಿನ ಅವಧಿಯನ್ನು ಗಮನವಿಟ್ಟು ಓದಬೇಕು. ಇಂತಿಷ್ಟು ಕಾಲವೆಂದು ನಿಗದಿಪಡಿಸಿದ ಕರಾರು ಕಾಯ್ದೆಯಂತೆ ಕನಿಷ್ಠ ಮೂರು ವರ್ಷದ್ದಿರಬೇಕು. ಮಾಲೀಕರು ತಾವೇ ವಾಸವಿರುವ ಮನೆಯ ಸೊಕ್ಕೆಲ್ ಅಥವಾ ಅಟ್ಟದ ಮನೆಗೆ ಒಂದು ವರ್ಷ ಸಾಕು. ಮಾಲೀಕರು ತಾತ್ಕಾಲಿಕವಾಗಿ ಬೇರೆಡೆ ಇದ್ದು ತಮ್ಮ ಸ್ವಂತ ಮನೆಯನ್ನು ಕೊಡುವಂಥ ಕೆಲವು ವಿನಾಯಿತಿಗಳಿವೆ. ಪ್ರವಾಸಿ ಋತು ಬಂದಾಗ ಖಾಲಿ ಮಾಡಿಸುವ ಉದ್ದೇಶದಿಂದ ಏಳೆಂಟು ತಿಂಗಳ ಕರಾರು ಮುಂದಿಟ್ಟರೆ ಯಾವ ವಿನಾಯಿತಿಯಡಿ ಎಂದು ಕೇಳಬೇಕು. ಮನೆ ಬಿಡುವ ನೋಟಿಸ್ ಸಾಮಾನ್ಯವಾಗಿ ಮೂರು ತಿಂಗಳದ್ದು, ಒಂಟಿ ಕೋಣೆಗೆ ಒಂದು ತಿಂಗಳದ್ದು, ಮತ್ತು ಅದನ್ನು ತಿಂಗಳ ಕೊನೆಯಿಂದ ಎಣಿಸುತ್ತಾರೆ. ಮೂರನೆಯ ತಾರೀಕು ಕೊಟ್ಟ ನೋಟಿಸಿನಿಂದ ಸುಮಾರು ನಾಲ್ಕು ತಿಂಗಳ ಬಾಡಿಗೆ ಕೊಡಬೇಕಾದೀತು. ಒಂದೇ ವರ್ಷಕ್ಕೆ ಬಂದವರು ಕರಾರಿನ ಮಧ್ಯೆ ಬಿಡಬಹುದೇ ಎಂಬುದನ್ನು ಸಹಿಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಬೀಗದ ಕೈ ಪಡೆಯುವ ದಿನ ಮಾಲೀಕರೊಂದಿಗೆ ಮನೆಯನ್ನೆಲ್ಲ ಸುತ್ತಿ, ನೆಲದ ಗೀರು, ಬಚ್ಚಲಿನ ಬಿರುಕು, ಫ್ರಿಜ್ಜಿನ ಬಾಗಿಲು, ಮೀಟರಿನ ಅಂಕಿ ಎಲ್ಲವನ್ನೂ ದಿನಾಂಕ ಸಹಿತ ಫೋಟೊ ತೆಗೆದು ಅವರಿಗೂ ಕಳುಹಿಸಿ. ನನ್ನ ಎರಡನೆಯ ಮನೆ ಬಿಡುವಾಗ ಅಡುಗೆಕಟ್ಟೆಯ ಮೇಲಿನ ಸುಟ್ಟ ಗುರುತಿಗೆ ಠೇವಣಿಯಿಂದ ಹಣ ಹಿಡಿಯಬೇಕೆಂಬ ಮಾತು ಬಂದಿತ್ತು; ಆ ಗುರುತು ಮೊದಲ ದಿನದ ಫೋಟೊದಲ್ಲೇ ಇದ್ದದ್ದರಿಂದ ವಾದ ಅಲ್ಲಿಗೇ ನಿಂತಿತು.

ಕೊನೆಯದಾಗಿ, ಅದೇ ದಿನ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರನ್ನು ಅಂಟಿಸಿ, ಮಾಲೀಕರ ಪೆಟ್ಟಿಗೆಯನ್ನೇ ಹಂಚಿಕೊಳ್ಳುವುದಾದರೂ ಸರಿ. ಇಲ್ಲಿ ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಹಿಂದಿರುಗಬಹುದು. ಹೊಸದಾಗಿ ಬಂದವರಿಗೆ ಗುರುತಿನ ಸಂಖ್ಯೆಯ ಕಾಗದವೂ ಬ್ಯಾಂಕಿನ ಕಾರ್ಡೂ ಅಂಚೆಯಲ್ಲೇ ಬರುತ್ತವೆ. ನಾನು ಬಿಳಿಯ ಟೇಪಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು, ಹಿಮಕ್ಕೆ ಅಳಿಯದಂತೆ ಮೇಲೊಂದು ಪಾರದರ್ಶಕ ಟೇಪು ಅಂಟಿಸಿದ್ದೆ; ನಾಲ್ಕನೆಯ ದಿನ ಮೊದಲ ಲಕೋಟೆ ಬಂತು.